ಬಂಡೆ ಕಾಯುವವನ ಹೆಂಡತಿ

ನಮ್ಮ ಚಿಕ್ಕಮ್ಮನನ್ನು ಊರಿನವರು ದಬ್ಬಣದಕ್ಕ ಎಂದು ಕರೆಯುತ್ತಿದ್ದರು. ರೈಲ್ವೆಯ ಟಾರ್ಪಾಲು ಶೆಡ್ಡಿನಲ್ಲಿ ಹರಿದ ಟಾರ್ಪಾಲುಗಳಿಗೆ ತೇಪೆ ಹಾಕುವುದು ಆಕೆಯ ಕೆಲಸ. ಬೆಟ್ಟದಾಚೆಯ ಕಾರ್ಖಾನೆಯಿಂದ ಬರುವ ಸಿಮೆಂಟಿನ ವ್ಯಾಗನ್ನುಗಳಿಗೆ ಹೊದಿಸುವ ಆ ಬಟ್ಟೆ ಎಮ್ಮೆಯ ಚರ್ಮದಷ್ಟು ದಪ್ಪ. ಅದರೊಳಗೆ ದಬ್ಬಣ ತೂರಿಸಲು ಗಂಡಸರೇ ಏದುಸಿರು ಬಿಡುತ್ತಿದ್ದರು. ಚಿಕ್ಕಮ್ಮ ಮಾತ್ರ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಪಕ್ಕದವಳ ಜೊತೆ ಹರಟುತ್ತಲೇ ಸರಸರ ಹೊಲಿಯುತ್ತಿದ್ದಳು. ಆ ಹೆಸರು ಕೈಯಲ್ಲಿದ್ದ ದಬ್ಬಣಕ್ಕಷ್ಟೇ ಅಲ್ಲ, ಬಾಯಲ್ಲಿದ್ದ ದಬ್ಬಣಕ್ಕೂ ಸೇರಿಸಿ ಇಟ್ಟದ್ದು ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಅಮ್ಮ ಆಕೆಯ ಅಕ್ಕ. ಆ ಹಕ್ಕು ಅವಳಿಗಿತ್ತು.

ಚಿಕ್ಕಪ್ಪ ಇದಕ್ಕೆ ತದ್ವಿರುದ್ಧ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಇವರ ಮುತ್ತು ಒಡೆಯುವುದೇ ಇಲ್ಲ ಎಂದು ಚಿಕ್ಕಮ್ಮ ಗೊಣಗುತ್ತಿದ್ದಳು. ಅವರದೂ ರೈಲ್ವೆ ಕೆಲಸವೇ. ಊರು ದಾಟಿದರೆ ಬೆಟ್ಟವನ್ನು ಸೀಳಿಕೊಂಡು ಹೋಗುವ ಕಮರಿ. ಅದರ ಒಂದು ಮಗ್ಗುಲನ್ನು ಕಡಿದು, ಕೆಳಗೆ ಹೊಳೆ, ಮೇಲೆ ಬಂಡೆ ಎನ್ನುವಂತೆ ಹಳಿ ಹಾಕಿದ್ದರು. ತಿರುವೊಂದರಲ್ಲಿ ಬಂಡೆಗಳು ಸಡಿಲವಾಗಿದ್ದುದರಿಂದ ಅಲ್ಲೊಂದು ಕಲ್ಲಿನ ಗುಡಿಸಲು ಕಟ್ಟಿ ಕಾವಲಿಗೆ ಆಳು ಇಟ್ಟಿದ್ದರು. ಹಳಿಯ ಮೇಲೆ ಕಲ್ಲು ಉರುಳಿದರೆ ಕೆಂಪು ಬಾವುಟ ಹಿಡಿದು ಓಡಿ ರೈಲು ನಿಲ್ಲಿಸುವುದು ಚಿಕ್ಕಪ್ಪನ ಕೆಲಸ. ಬಂಡೆಗಳು ಓಡಿಹೋಗದ ಹಾಗೆ ಕಾಯುತ್ತಾನೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ವಾರವೆಲ್ಲ ಅಲ್ಲೇ ಇದ್ದು, ವಾರದ ಕೊನೆಗೆ ಬದಲಿ ಆಳು ಬಂದಾಗ ಗೂಡ್ಸ್ ರೈಲು ಹತ್ತಿ ಮನೆಗೆ ಬರುತ್ತಿದ್ದರು. ಬಂದವರು ಸ್ನಾನ ಮಾಡಿ, ಉಂಡು, ಕಿಟಕಿಯ ಪಕ್ಕ ಕೂತರೆ ಮುಗಿಯಿತು. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಊಹೂಂ.

ಆ ಒಂಟಿ ಗುಡಿಸಲಿನ ಚಿಂತೆ ಚಿಕ್ಕಮ್ಮನನ್ನು ಬಿಡುತ್ತಿರಲಿಲ್ಲ. ಪ್ಯಾಸೆಂಜರ್ ರೈಲು ಅಲ್ಲಿ ನಿಲ್ಲುವುದಿಲ್ಲ, ಮನೆಮಂದಿ ಅಲ್ಲಿಗೆ ಹೋಗುವ ಹಾಗಿಲ್ಲ. ರೈಲಿನ ಕಿಟಕಿಯಿಂದ ಆಕೆ ಗಂಡನ ಗುಡಿಸಲನ್ನು ಕಂಡದ್ದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ಅದೂ ಹೊಗೆಯ ನಡುವೆ. ನಾವಿಲ್ಲಿ ಬಿಸಿಬಿಸಿ ಉಣ್ಣುತ್ತೇವೆ, ಆ ಮನುಷ್ಯ ಅಲ್ಲಿ ಕಲ್ಲು ನೋಡಿಕೊಂಡು ಕೂತಿರುತ್ತಾನೆ ಎಂದು ತಟ್ಟೆ ಮುಂದಿಟ್ಟುಕೊಂಡೇ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಲೈನಿನ ಇನ್ಸ್‌ಪೆಕ್ಟರ ಬಳಿಗೆ ಎರಡು ಸಲ ಹೋಗಿ, ಗಂಡನನ್ನು ಊರಿನ ಸ್ಟೇಷನ್ನಿಗೆ ಹಾಕಿಕೊಡಿ ಎಂದು ಬೇಡಿಕೊಂಡಿದ್ದಳು. ನೋಡೋಣ ಎಂದವರು ನೋಡಲೇ ಇಲ್ಲ. ಅಂದಿನಿಂದ ಇನ್ಸ್‌ಪೆಕ್ಟರು ಎದುರಾದರೆ ಚಿಕ್ಕಮ್ಮ ಮುಖ ತಿರುಗಿಸಿ ರಸ್ತೆಯ ಇನ್ನೊಂದು ಮಗ್ಗುಲಿಗೆ ದಾಟುತ್ತಿದ್ದಳು. ಅವರು ನಿವೃತ್ತರಾಗಿ ಕೋಲು ಹಿಡಿದ ಮೇಲೂ ಈ ವ್ರತ ಬಿಟ್ಟಿರಲಿಲ್ಲ.

ಕೊನೆಗೆ ಒಂದು ಮಳೆಗಾಲ ಆ ತಿರುವಿನಲ್ಲಿ ದೊಡ್ಡ ಬಂಡೆಯೊಂದು ಉರುಳಿ ಹಳಿ ಪೂರ್ತಿ ಕುಸಿಯಿತು. ಚಿಕ್ಕಪ್ಪ ಬಾವುಟ ಹಿಡಿದು ಓಡಿ ಸಿಮೆಂಟಿನ ರೈಲು ನಿಲ್ಲಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಕಾರ್ಖಾನೆಗೆ ಆ ಹೊತ್ತಿಗಾಗಲೇ ಡಾಂಬರು ರಸ್ತೆ ಆಗಿತ್ತು. ಹಳಿ ರಿಪೇರಿ ಮಾಡಿಸುವುದು ದಂಡ ಎಂದು ಲೈನನ್ನೇ ಮುಚ್ಚಿದರು. ಶೆಡ್ಡಿನ ಹೆಂಗಸರೆಲ್ಲ ಕೆಲಸ ಹೋಯಿತೆಂದು ಅಳುತ್ತಿದ್ದರೆ, ಚಿಕ್ಕಮ್ಮ ಒಬ್ಬಳು ಮಾತ್ರ ಗಂಡ ಮನೆಗೆ ಬಂದ ಎಂದು ಬೀದಿಗೆಲ್ಲ ಸಿಹಿ ಹಂಚಿದಳು. ಚಿಕ್ಕಪ್ಪ ಎಂದಿನಂತೆ ಕಿಟಕಿಯ ಪಕ್ಕ ಕೂತಿದ್ದರು. ಸುಸ್ತಾಗಿರಬೇಕು ಎಂದುಕೊಂಡೆವು.

ಹಳಿ ಕಿತ್ತುಹೋದ ಕಮರಿಗೆ ಆಮೇಲೆ ಬೇರೆ ಜನ ಬರತೊಡಗಿದರು. ಬೆನ್ನಿಗೆ ಚೀಲ ಹೇರಿಕೊಂಡು, ರೈಲು ಹೋಗುತ್ತಿದ್ದ ದಾರಿಯಲ್ಲೇ ನಡೆದು, ಹೊಳೆಯ ಪಕ್ಕದ ಮಟ್ಟದ ಜಾಗದಲ್ಲಿ ಡೇರೆ ಹಾಕಿ ಮಲಗುವವರು. ಸ್ವಂತ ಮನೆ ಇದ್ದೂ ಬಯಲಲ್ಲಿ ಬಿದ್ದುಕೊಳ್ಳುವವರಿಗೆ ತಲೆ ನೆಟ್ಟಗಿಲ್ಲ ಎಂದು ಚಿಕ್ಕಮ್ಮ ತೀರ್ಪು ಕೊಟ್ಟಳು. ಕೊಟ್ಟ ಮೇಲೆ ಅವರಿಗೇ ಡೇರೆ ಹೊಲಿಯತೊಡಗಿದಳು. ಶೆಡ್ಡಿನ ಹಳೆಯ ಹೊಲಿಗೆ ಯಂತ್ರ ಹರಾಜಿನಲ್ಲಿ ಸಿಕ್ಕಿತು. ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಬಟ್ಟೆ ಕತ್ತರಿಸಲು, ಹಗ್ಗ ಪೋಣಿಸುವ ತೂತುಗಳಿಗೆ ಹಿತ್ತಾಳೆ ಬಳೆ ಕೂರಿಸಲು ನಾನು ಸೇರಿಕೊಂಡೆ. ಅವಳ ಹೊಲಿಗೆ ಬಿಚ್ಚಬೇಕಾದರೆ ಬಟ್ಟೆಯೇ ಹರಿಯಬೇಕು ಎಂದು ಹೆಸರಾಯಿತು.

ಹೀಗಿರುವಾಗ ಒಂದು ದಿನ ಊರಿನಲ್ಲಿ ಫೋಟೋ ಸ್ಟುಡಿಯೋ ನಡೆಸುವ ಗಂಡ ಹೆಂಡತಿ, ನಮ್ಮಲ್ಲೇ ಹೊಲಿಸಿಕೊಂಡ ಡೇರೆ ಹೊತ್ತು ತಂದು ಮೇಜಿನ ಮೇಲೆ ಹಾಕಿದರು. ಇದು ಸೋರುತ್ತೆ ಎಂದರು.

“ಮಳೆ ಬಂದಿತ್ತಾ?” ಎಂದಳು ಚಿಕ್ಕಮ್ಮ.

ಇಲ್ಲ, ಕಮರಿಯಲ್ಲಿ ಮಲಗಿದ ರಾತ್ರಿ ಬಾನು ಸ್ವಚ್ಛವಾಗಿತ್ತು, ಆದರೂ ಬೆಳಗ್ಗೆ ಎದ್ದಾಗ ಒಳಗೆಲ್ಲ ಹನಿಹನಿ ನೀರು, ಹೊದಿಕೆಯೂ ಒದ್ದೆ ಎಂದರು ಅವರು.

“ಮಳೆ ಇಲ್ಲದೆ ಸೋರೋಕೆ ಅದೇನು ಕಣ್ಣಾ? ಏನಾದರೂ ಚೆಲ್ಲಿಕೊಂಡಿರ್ತೀರಿ.”

ಅವರು ಜಗಳವಾಡಲಿಲ್ಲ. ಬೇಕಾದರೆ ನೀವೇ ಒಂದು ಸಲ ಅದರಲ್ಲಿ ಮಲಗಿ ನೋಡಿ ಎಂದು ಹೇಳಿ ಹೋದರು. ಆ ಮಾತು ಆಕೆಗೆ ಚುಚ್ಚಿತು. ಎರಡು ದಿನ ಯಂತ್ರ ತುಳಿಯುತ್ತಾ ತನ್ನಷ್ಟಕ್ಕೆ ಬೈದುಕೊಂಡಳು. ಮೂರನೆಯ ದಿನ, ಅದೇ ಡೇರೆ ತಗೊಂಡು ಅದೇ ಜಾಗಕ್ಕೆ ಹೋಗೋಣ, ಸೋರಿದರೆ ನನ್ನ ಯಂತ್ರ ಹೊಳೆಗೆ ಹಾಕುತ್ತೇನೆ ಎಂದಳು. ದಾರಿ ತೋರಿಸಲು ಚಿಕ್ಕಪ್ಪ ಬರಬೇಕು, ಹೊರೆ ಹೊರಲು ನಾನು. ಚಿಕ್ಕಪ್ಪ ಒಳಗೆ ಹೋಗಿ, ಅಟ್ಟದಿಂದ ಹಳೆಯ ಬೂಟು ಇಳಿಸಿ ಧೂಳು ಒರೆಸಿದರು.

ಕಮರಿಯೊಳಗೆ ದಾರಿ ಸುಲಭವಿತ್ತು. ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲವಲ್ಲ. ಹತ್ತಿದ್ದೇ ಗೊತ್ತಾಗದಂತೆ ಮೇಲೇರುತ್ತಿತ್ತು. ಹಳಿಯಡಿ ಅಡ್ಡ ಹಾಸಿದ್ದ ಸ್ಲೀಪರು ಮರಗಳು ಅಲ್ಲಲ್ಲಿ ಕೊಳೆತು ನೆಲದಲ್ಲಿ ಹೂತು ಉಳಿದಿದ್ದವು. ಸುರಂಗದ ಬಾಯಿಯಲ್ಲಿ ಉಳಿಯ ಗುರುತುಗಳು ಸಾಲುಸಾಲಾಗಿ ಕಾಣುತ್ತಿದ್ದವು. ಎರಡೂ ಕಡೆಯಿಂದ ಕೊರೆಯುತ್ತ ಬಂದವರು ನಡುವೆ ಸಂಧಿಸಿದಾಗ ಮೊಳದಷ್ಟು ವ್ಯತ್ಯಾಸ ಬಂದಿತ್ತಂತೆ. ಅದಕ್ಕೇ ಒಳಗೆ ಗೋಡೆ ಸೊಟ್ಟಗಿದೆ, ಇಲ್ಲಿ ಡ್ರೈವರುಗಳು ತಲೆ ಹೊರಗೆ ಹಾಕುತ್ತಿರಲಿಲ್ಲ. ಇದನ್ನೆಲ್ಲ ಹೇಳಿದ್ದು ಚಿಕ್ಕಪ್ಪ. ಸುರಂಗ ದಾಟಿದ ಮೇಲೆ ನನಗೆ ಹೊಳೆಯಿತು, ಅವರು ಮಾತಾಡುತ್ತಿದ್ದಾರೆ ಎಂದು. ಚಿಕ್ಕಮ್ಮನ ಕಡೆ ನೋಡಿದೆ. ಆಕೆ ಆಗಲೇ ಗಮನಿಸಿದ್ದಳು. ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬಂತೆ ಬಾಯಿ ಬಿಗಿಹಿಡಿದು ನಡೆಯುತ್ತಿದ್ದಳು.

ಗುಡಿಸಲಿಗೆ ಚಾವಣಿ ಇನ್ನೂ ಇತ್ತು. ಅದರ ಮುಂದೆ ನಿಂತು ಚಿಕ್ಕಪ್ಪ ಬಂಡೆಗಳನ್ನು ನಮಗೆ ಪರಿಚಯಿಸಿದರು. ಒಂದೊಂದಕ್ಕೂ ಹೆಸರಿಟ್ಟಿದ್ದರು. ಮೇಲೆ ಬಾಗಿ ನಿಂತದ್ದು ಮಾವ: ಬೀಳ್ತೀನಿ ಬೀಳ್ತೀನಿ ಎಂದು ಹೆದರಿಸುತ್ತಾನೆ, ಬೀಳುವುದಿಲ್ಲ. ಅದರ ಪಕ್ಕ ಚಪ್ಪಟೆಯಾಗಿ ಕೂತದ್ದು ಹೆಡ್ ಮಾಸ್ಟರು. ಮಳೆ ಬಂದರೆ ಇಡೀ ದಿನ ಮೂಗು ಸುರಿಸುವವನೊಬ್ಬ.

“ನನ್ನ ಹೆಸರಿಂದು ಇಲ್ವಾ?” ಎಂದಳು ಚಿಕ್ಕಮ್ಮ.

“ಇತ್ತು. ಲೈನು ಮುಚ್ಚಿಸಿದ್ದು ಅದೇ.”

ನಾನು ನಕ್ಕುಬಿಟ್ಟೆ. ಚಿಕ್ಕಮ್ಮನೂ ನಕ್ಕಳು. ಮದುವೆಯಾದಾಗಿನಿಂದ ಗಂಡ ಒಂದು ಜೋಕು ಮಾಡಿದ್ದನ್ನು ಕೇಳಿರಲಿಲ್ಲ ಎಂದು ಆಕೆ ಆಮೇಲೆ ನನಗೆ ಹೇಳಿದಳು.

ಸಂಜೆ ಬಿಸಿಲು ಕಮರಿಯ ಮೇಲಿನ ಅಂಚಿಗೆ ಏರುತ್ತಿರುವಾಗ ಡೇರೆ ಹಾಕಿದೆವು. ಚಿಕ್ಕಪ್ಪ ಮೂರು ಕಲ್ಲಿಟ್ಟು ಒಲೆ ಹೂಡಿ ಚಹಾ ಕಾಯಿಸಿದರು. ಕೈ ಎತ್ತ ಚಾಚಿದರೆ ಏನು ಸಿಗುತ್ತದೆ ಎಂಬುದು ಅವರ ಮೈಗೇ ಗೊತ್ತಿತ್ತು. ಸುತ್ತಲೂ ನೋಡುತ್ತ ಕೂತಿದ್ದ ಚಿಕ್ಕಮ್ಮನಿಗೆ ಹಳೆಯ ಸಂಕಟ ಉಕ್ಕಿತು.

“ಪಾಪ, ಇಷ್ಟು ವರ್ಷ ಇಲ್ಲಿ ಹೇಗೆ ಕಳೆದ್ರಿ? ಆ ಇನ್ಸ್‌ಪೆಕ್ಟರಿಗೆ ಒಳ್ಳೇದಾಗಲ್ಲ.”

ಚಿಕ್ಕಪ್ಪ ಲೋಟ ಕೆಳಗಿಟ್ಟರು. “ಅವರನ್ನ ಬೈಬೇಡ. ಅವರು ವರ್ಗ ಕೊಟ್ಟಿದ್ದರು. ನಾನೇ ಬೇಡ ಅಂದೆ.”

“ಯಾವಾಗ?”

“ನೀನು ಹೋಗಿ ಕೇಳಿದೆಯಲ್ಲ, ಎರಡು ಸಲವೂ.”

ಒಲೆಯ ಮೇಲೆ ಉಳಿದಿದ್ದ ಚಹಾ ಉಕ್ಕಿ ಬೂದಿಗೆ ಬಿತ್ತು. ಯಾರೂ ಇಳಿಸಲಿಲ್ಲ.

“ಯಾಕೆ?” ಎಂದಳು ಚಿಕ್ಕಮ್ಮ.

“ಇಲ್ಲಿ ಚೆನ್ನಾಗಿತ್ತು.”

“ಮನೇಲಿ ಚೆನ್ನಾಗಿರಲಿಲ್ವಾ?”

“ಮನೇಲೂ ಚೆನ್ನಾಗಿತ್ತು. ಅದು ಬೇರೆ, ಇದು ಬೇರೆ.” ಅವರು ಮೇಲಿನ ಬಂಡೆಗಳ ಕಡೆ ಕೈ ತೋರಿಸಿದರು. “ಇಲ್ಲಿ ಬೆಳಗ್ಗೆಯಿಂದ ಮಾತಾಡ್ತಾನೇ ಇರ್ತಿದ್ದೆ. ಇವುಗಳ ಜೊತೆ, ಹೊಳೆ ಜೊತೆ. ಮನೆಗೆ ಬರೋ ಹೊತ್ತಿಗೆ ಮಾತು ಖಾಲಿ ಆಗಿರ್ತಿತ್ತು. ಮನೇಲಿ ನೀನು ಆಡ್ತಿದ್ದೆ, ಕೇಳಿಸ್ಕೋತಿದ್ದೆ. ನನಗೆ ಎರಡೂ ಬೇಕಿತ್ತು.”

“ನಾನಲ್ಲಿ ಗಂಟಲಲ್ಲಿ ಅನ್ನ ಇಳೀದೆ ಅಳ್ತಿದ್ದೆ.”

“ಗೊತ್ತಿತ್ತು. ಅದಕ್ಕೇ ಹೇಳೋಕೆ ಆಗಲಿಲ್ಲ. ನೀನು ಅಷ್ಟು ಮರುಗ್ತಿರೋವಾಗ ನಾನು ಸುಖವಾಗಿದೀನಿ ಅಂತ ಹೇಗೆ ಹೇಳೋದು?”

ಚಿಕ್ಕಮ್ಮ ಎದ್ದು ಹೊಳೆಯ ಕಡೆ ಹೋದಳು. ಚಿಕ್ಕಪ್ಪ ಹಿಂದೆ ಹೋಗಲಿಲ್ಲ. ನಾನು ಏಳಹೋದೆ, ಕೂತಿರು ಎಂಬಂತೆ ಅವರು ಕೈ ಮಾಡಿದರು. ಆಕೆ ಮುಖ ತೊಳೆದುಕೊಂಡು ಬಂದಳು. ಊಟ ಬಡಿಸಿದಳು.

ಬೆಳಕು ಹರಿಯುವಾಗ ಎಚ್ಚರವಾಗಿ ನೋಡಿದರೆ, ಆಕೆ ಡೇರೆಯೊಳಗೆ ಮಂಡಿಯೂರಿ ಹೊಲಿಗೆಗಳ ಮೇಲೆ ಬೆರಳಾಡಿಸುತ್ತಿದ್ದಳು. ಹೊಲಿಗೆಗಳೆಲ್ಲ ಒಣಗಿದ್ದವು. ಆದರೆ ನಡುವಿನ ಬಟ್ಟೆಯ ತುಂಬ, ತೂತೇ ಇಲ್ಲದ ಕಡೆ, ಸಾಸಿವೆಯಷ್ಟು ಸಣ್ಣ ಹನಿಗಳು. ಮುಟ್ಟಿದರೆ ಇಳಿದು ನಮ್ಮ ಹೊದಿಕೆಯ ಮೇಲೆ ಬೀಳುತ್ತಿದ್ದವು.

“ನಿನ್ನ ಚಿಕ್ಕಪ್ಪನ್ನ ಕೇಳು, ಇದು ಎಲ್ಲಿಂದ ಬಂತು ಅಂತ,” ಎಂದಳು. ಚಿಕ್ಕಪ್ಪ ಕೈಗೆಟಕುವಷ್ಟು ಹತ್ತಿರದಲ್ಲೇ ಕೂತಿದ್ದರು.

ಅದು ನಮ್ಮದೇ ಉಸಿರು ಎಂದರು ಅವರು. ಚಳಿಗೆ ಗುಡಿಸಲಿನ ಗೋಡೆಯೂ ಹೀಗೇ ಬೆವರುತ್ತಿತ್ತಂತೆ. ಅದಕ್ಕೇ ಎಂಥ ಚಳಿಯಲ್ಲೂ ಕಿಟಕಿಯ ಒಂದು ಹಲಗೆ ತೆಗೆದೇ ಇಡುತ್ತಿದ್ದರಂತೆ. ಚಿಕ್ಕಮ್ಮ ಎಷ್ಟು ಚೆನ್ನಾಗಿ ಹೊಲಿದಿದ್ದಳೆಂದರೆ ಒಳಗಿನ ಉಸಿರು ಹೊರಗೆ ಹೋಗಲು ಒಂದು ಸಂದೂ ಉಳಿದಿರಲಿಲ್ಲ.

ಇಳಿಯುವಾಗ ಆಕೆ ಮುಂದೆ, ಚಿಕ್ಕಪ್ಪ ಹಿಂದೆ, ನಡುವೆ ನಾನು. ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ನನಗೆ ಹೇಳಿದಳು. ನಿನ್ನ ಚಿಕ್ಕಪ್ಪನಿಗೆ ಹೇಳು, ಅಲ್ಲಿ ಕಲ್ಲು ಜಾರುತ್ತೆ ಅಂತ. ನಾನು ಹೇಳಿದೆ. ಹೂಂ ಅನ್ನು ಅಂದರು ಅವರು.

ಊರಿಗೆ ಬಂದ ಮರುದಿನ ಸ್ಟುಡಿಯೋದವರ ಡೇರೆಯ ನೆತ್ತಿಯಲ್ಲಿ ಅಂಗೈಯಗಲ ಕತ್ತರಿಸಿ, ಮಳೆ ಬೀಳದಂತೆ ಮೇಲೊಂದು ಮುಚ್ಚುಗೆ ಹೊಲಿದು, ತಾನೇ ಹೋಗಿ ಕೊಟ್ಟು ಬಂದಳು. ಚೆಲ್ಲಿಕೊಂಡಿರ್ತೀರಿ ಅಂದಿದ್ದು ತಪ್ಪಾಯಿತು ಎಂದೂ ಹೇಳಿದಳಂತೆ. ಬಂದವಳೇ ಇನ್ಸ್‌ಪೆಕ್ಟರ ಮನೆಗೆ ಹೋಗೋಣ ಎಂದಳು. ಒಬ್ಬಳೇ ಹೋಗಲು ಧೈರ್ಯವಿರಲಿಲ್ಲ, ನನ್ನನ್ನೂ ಎಳೆದುಕೊಂಡು ಹೋದಳು.

ಮುದುಕರು ಜಗಲಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಚಿಕ್ಕಮ್ಮ ಕ್ಷಮೆ ಕೇಳಿದಳು. ಅವರು ಅಚ್ಚರಿಪಡಲಿಲ್ಲ. ನಿಮಗೆ ಹೇಳಬೇಡಿ ಅಂತ ಅವನು ಕೈ ಮುಗಿದು ಕೇಳಿಕೊಂಡಿದ್ದ, ಅದಕ್ಕೆ ಸುಮ್ಮನಿದ್ದೆ ಎಂದರು. ಆಮೇಲೆ ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ನೀವು ಮುಖ ತಿರುಗಿಸಿದಾಗಲೆಲ್ಲ ನನ್ನ ಹೆಂಡತಿ ಕೇಳ್ತಿದ್ದಳು, ಆಕೆಗೆ ನೀವೇನು ಮಾಡಿದ್ರಿ ಅಂತ. ದಯವಿಟ್ಟು ಒಳಗೆ ಹೋಗಿ ಅವಳಿಗೂ ಒಂದು ಮಾತು ಹೇಳಿ.”

ಚಿಕ್ಕಮ್ಮ ಒಳಗೆ ಹೋದಳು. ಹೆಂಗಸರಿಬ್ಬರೂ ಮಾತಾಡಿಕೊಂಡು ಹೊರಗೆ ಬರುವಷ್ಟರಲ್ಲಿ ಬಟಾಣಿಯನ್ನೆಲ್ಲ ನಾನೇ ಸುಲಿದು ಮುಗಿಸಿದ್ದೆ.

ಆದರೂ ಆಕೆಯ ಮನಸ್ಸು ತಿಳಿಯಾಗಲು ದಿನ ಹಿಡಿಯಿತು. ಯಂತ್ರದ ಮುಂದೆ ಕೂತವಳು ತುಳಿಯುವುದನ್ನು ಮರೆತು ಹಾಗೇ ಇರುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕಡೆ ತಿರುಗಿ ಹೇಳಿದಳು: “ಮೋಸ ಮಾಡಿದರು ಅನ್ನೋಣ ಅಂದರೆ ಮೋಸ ಅಲ್ಲ. ಸುಖವಾಗಿದ್ದವರಿಗೋಸ್ಕರ ಇಷ್ಟು ವರ್ಷ ಅತ್ತೆ. ಆ ಅಳುವನ್ನೆಲ್ಲ ಈಗ ಯಾವ ಲೆಕ್ಕಕ್ಕೆ ಹಾಕಲಿ?” ಬೀದಿಗೆಲ್ಲ ಸಿಹಿ ಹಂಚಿದ ದಿನ ಅವರು ಹಾಗೆ ಯಾಕೆ ಕೂತಿದ್ದರು ಎಂಬುದು ಅವಳಿಗೆ ಈಗ ಅರ್ಥವಾಗಿತ್ತು. ಅವರ ಪಾಲಿಗೆ ಅಂದು ಸಾವಿನ ಮನೆಯಾಗಿತ್ತು, ನಾನು ಮದುವೆ ಮನೆ ಮಾಡಿದೆ ಎಂದಳು.

ಕಮರಿಗೆ ಬರುವವರಿಗೆ ಡೇರೆಯ ವ್ಯವಸ್ಥೆ ಮಾಡಿಕೊಡುತ್ತಿದ್ದ ಹುಡುಗಿಯರ ಗುಂಪೊಂದಿತ್ತು; ನಮ್ಮ ಗಿರಾಕಿಗಳೇ. ಯಾರನ್ನೂ ಕೇಳದೆ ಚಿಕ್ಕಮ್ಮ ಅವರ ಹತ್ತಿರ ಮಾತಾಡಿದಳು. ಬಂದವರು ಸಡಿಲ ಬಂಡೆಯ ಕೆಳಗೆ ಡೇರೆ ಹಾಕದಂತೆ ಹೇಳಲು ಗುಡಿಸಲಿನಲ್ಲಿ ಒಬ್ಬರು ಇದ್ದರೆ ಒಳ್ಳೆಯದು ಎಂದು ಅವರೂ ಯೋಚಿಸುತ್ತಿದ್ದರಂತೆ. ಮನೆಗೆ ಬಂದು ಊಟಕ್ಕೆ ಬಡಿಸುವಾಗ, ಸೋಮವಾರದಿಂದ ನೀವು ಅಲ್ಲಿಗೆ ಹೋಗಬೇಕು, ವಾರದ ಕೊನೆಗೆ ಮನೆಗೆ ಬರಬೇಕು ಎಂದು ಆರ್ಡರು ಕೊಟ್ಟಳು. ಚಿಕ್ಕಪ್ಪ ತಲೆ ಎತ್ತಿ ಆಕೆಯನ್ನು ನೋಡಿದರು. ಹೂಂ ಎಂದರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಹೋದ ವರ್ಷ ಅವರು ಗುಡಿಸಲಿನ ಮೆಟ್ಟಿಲು ಇಳಿಯುವಾಗ ಕಾಲು ಉಳುಕಿಸಿಕೊಂಡರು. ಹೊತ್ತು ತರುತ್ತೇವೆ ಎಂದರೆ ಒಪ್ಪಲಿಲ್ಲ. ಚಿಕ್ಕಮ್ಮ ಅಂಗಡಿಯನ್ನು ನನಗೆ ಒಪ್ಪಿಸಿ, ಪಾತ್ರೆ ಪಗಡಿ ಕಟ್ಟಿಕೊಂಡು ಹೋಗಿ, ಉಳುಕು ವಾಸಿಯಾಗುವವರೆಗೆ ಅಲ್ಲೇ ಉಳಿದಳು. ಬಂದ ಮೇಲೆ ಹೇಗಿತ್ತು ಎಂದು ಕೇಳಿದೆ. ಏನಿದೆ ಅಲ್ಲಿ, ಮಣ್ಣು ಎಂದಳು. ಹೊಳೆ ದಿನವಿಡೀ ಒದರುತ್ತದೆ, ನಾನು ಹೇಳಿದ್ದು ಅವರಿಗೆ ಕೇಳಿಸುವುದಿಲ್ಲ, ಅವರು ಹೇಳಿದ್ದು ನನಗೆ. ಕೂರುವುದಕ್ಕೂ ಬರೀ ಕಲ್ಲು, ಸೊಂಟ ಬಿದ್ದುಹೋಯಿತು. ಹೀಗೆ ದೂರುತ್ತಲೇ ಮೂಲೆಯಲ್ಲಿದ್ದ ದಪ್ಪ ಬಟ್ಟೆಯ ತುಂಡು ಎಳೆದುಕೊಂಡು ಅಳತೆ ಪಟ್ಟಿ ಹಿಡಿದಳು. ಏನು ಮಾಡುತ್ತೀ ಎಂದೆ. ಮಡಿಸುವ ಕುರ್ಚಿಗೆ ಬಟ್ಟೆ ಬೇಕಲ್ಲ ಎಂದಳು, ಮುಂದಿನ ಸಲ ಹೋಗುವಾಗ ಒಯ್ಯಬೇಕು.