ದಾರ ಕಟ್ಟಿದ ಕೋಳಿಜುಟ್ಟು

ಚೆಂಡು ಹೂವಿನ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಒಂದು ಕಟು ವಾಸನೆ ಬರುತ್ತದೆ, ನಿಮಗೂ ಗೊತ್ತಿರುತ್ತದೆ. ಎಷ್ಟು ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಕೈ ಬಿಡದ ವಾಸನೆ. ಹೋದ ತಿಂಗಳು ಚಾಮರಾಜನಗರದ ನಮ್ಮ ಹೊಸ ಮನೆಯ ಮುಂದೆ ತೋಟ ಮಾಡಿಕೊಡಲು ಬಂದ ನರ್ಸರಿಯವನು ಒಂದು ಸಸಿಯನ್ನು ನನ್ನ ಕೈಗಿಟ್ಟಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಅವನ ಮೊಬೈಲಿನಲ್ಲಿ ಯಾವುದೋ ಚಳಿದೇಶದ ಮನೆಗಳ ಚಿತ್ರಗಳಿದ್ದವು, ಮರದ ಎಲೆಯೆಲ್ಲ ಕೆಂಪು, ಹಳದಿ. ಮಳೆಗಾಲ ಮುಗಿಯುತ್ತಲೇ ನಿಮ್ಮ ಮನೆಯೂ ಹೀಗೆ ಬಣ್ಣ ತಿರುಗಬೇಕು ಮೇಡಂ, ಅದಕ್ಕೆಲ್ಲ ಡಿಸೈನ್ ಇರುತ್ತೆ ಎಂದು ನನಗೇ ಪಾಠ ಹೇಳಿದ. ಹಿಂದೆ ಎತ್ತರದ ಗಿಡ, ಮುಂದೆ ಗಿಡ್ಡದ್ದು, ಮಧ್ಯಕ್ಕೆ ಕೋಳಿಜುಟ್ಟು ಎಂದ. ಕೋಳಿಜುಟ್ಟು ಬೇಡ ಎಂದೆ. ಒಳ್ಳೇ ಕಲರ್ ಅಲ್ವಾ ಎಂದು ಅವನು ಶುರು ಮಾಡುವುದರೊಳಗೆ, ಬೇಡ ಅಂದರೆ ಬೇಡ ಎಂದು ಶಾಲೆಯ ಮಕ್ಕಳನ್ನು ಗದರುವ ದನಿಯಲ್ಲೇ ಗದರಿಬಿಟ್ಟೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಡಿಸೈನ್ ಎಂಬ ಪದವನ್ನೇ ಕೇಳಿರದ ನಮ್ಮ ಚಿಕ್ಕತಾಯತ್ತೆ ನಮ್ಮೂರು ಹಂಗಳದ ಮನೆಯ ಹಿತ್ತಿಲಲ್ಲಿ ಇದನ್ನೆಲ್ಲ ಮಾಡಿಟ್ಟಿದ್ದಳು. ಅವಳು ಅಪ್ಪನ ಅಕ್ಕ. ಅಜ್ಜಿ ಸತ್ತಾಗ ಅಪ್ಪನಿಗೆ ಏಳು ವರ್ಷವಂತೆ. ತಲೆ ಬಾಚಿ, ಮುದ್ದೆ ಕಟ್ಟಿಕೊಟ್ಟು ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಈ ಅಕ್ಕನೇ. ಆಮೇಲೆ ಅವಳನ್ನು ತೆರಕಣಾಂಬಿಗೆ ಕೊಟ್ಟರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಬಟ್ಟೆಯ ಗಂಟು, ಅದರಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಬೀಜ. ಅಜ್ಜಿ ಬೆಳೆಸುತ್ತಿದ್ದ ಕೋಳಿಜುಟ್ಟಿನ ಬೀಜ ಅದು. ಅತ್ತೆ ಅದನ್ನು ಗಂಡನ ಮನೆಗೂ ಒಯ್ದಿದ್ದಳು, ವಾಪಸ್ಸೂ ತಂದಳು. ಬೀಟ್‌ರೂಟ್ ಹೆಚ್ಚಿದಾಗ ಕಾಣುತ್ತದಲ್ಲ, ಹೂವು ಆ ಬಣ್ಣ. ಆ ಬಣ್ಣದ ಕೋಳಿಜುಟ್ಟನ್ನು ನಾನು ಬೇರೆಲ್ಲೂ ನೋಡಲಿಲ್ಲ. ಅವ್ವನದು ಅಂತ ನಮ್ಮಿಬ್ಬರಿಗೆ ಉಳಿದಿರುವುದು ಇದೊಂದೇ ಎಂದು ಅಪ್ಪನೂ ಹೇಳುತ್ತಿದ್ದ.

ತಿಪ್ಪೆಯಾಗಿದ್ದ ಹಿತ್ತಿಲನ್ನು ಅತ್ತೆ ಒಬ್ಬಳೇ ಹಸನು ಮಾಡಿದಳು. ಅವಳ ಲೆಕ್ಕವೆಲ್ಲ ಮಹಾನವಮಿಯಿಂದ ಹಿಂದಕ್ಕೆ. ಆಷಾಢದಲ್ಲಿ ಕೋಳಿಜುಟ್ಟು, ಭೀಮನಮಾವಾಸ್ಯೆ ಕಳೆದ ಮೇಲೆ ಚೆಂಡು ಹೂವು, ಹುಚ್ಚೆಳ್ಳು, ಗೌರಿಹಬ್ಬದ ಹೊತ್ತಿಗೆ ಕೆಂಪು ದಂಟು. ಬೇರೆ ಬೇರೆ ದಿನ ಬಿತ್ತಿದ್ದೆಲ್ಲ ಒಂದೇ ವಾರ ಬಣ್ಣಕ್ಕೆ ಬರಬೇಕು. ಬೇಲಿಯ ಬುಡಕ್ಕೆ ಹುಚ್ಚೆಳ್ಳಿನ ಹಳದಿ, ಅದರ ಮುಂದೆ ದಂಟು, ನಡುವೆ ಕೋಳಿಜುಟ್ಟು, ಜಗಲಿಯ ಅಂಚಿಗೆ ಕನಕಾಂಬರ. ಹಬ್ಬದ ಹೂವು ಮುಗಿದು ಕಾರ್ತಿಕ ಕಳೆಯುವಷ್ಟರಲ್ಲಿ ಮೂಲೆಯ ಕಾಡುಬಾದಾಮಿ ಮರದ ಎಲೆಗಳು ಕೆಂಪಾಗಿ ಉದುರತೊಡಗುತ್ತಿದ್ದವು. ಅದನ್ನೂ ಯೋಚನೆ ಮಾಡಿಯೇ ನೆಟ್ಟಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನನ್ನ ಅವ್ವ ಆಡಿಕೊಳ್ಳುತ್ತಿದ್ದಳು. ಆ ಜಾಗದಲ್ಲಿ ಸೊಪ್ಪೋ ಮೆಣಸಿನಕಾಯಿಯೋ ಹಾಕಬಹುದಿತ್ತು ಎಂಬುದು ಅವಳ ಸಂಕಟ. ಅಪ್ಪ ಮಾತ್ರ ಹೊಲದಿಂದ ಬಂದವನೇ ಕೈಕಾಲು ತೊಳೆದು ಹಿತ್ತಿಲ ಜಗಲಿಗೆ ಹೋಗಿ ಕೂರುತ್ತಿದ್ದ. ಅತ್ತೆ ಕಾಫಿ ಲೋಟ ತಂದು ಪಕ್ಕದಲ್ಲಿ ಕೂತರೆ ಕತ್ತಲಾಗುವವರೆಗೂ ಅಕ್ಕತಮ್ಮನ ಮಾತು ನಡೆಯುತ್ತಿತ್ತು. ಎತ್ತು ಮಾರುವುದಿರಲಿ, ಟ್ರ್ಯಾಕ್ಟರ್ ತರುವುದಿರಲಿ, ಎಲ್ಲ ತೀರ್ಮಾನವಾಗಿದ್ದು ಆ ಜಗಲಿಯ ಮೇಲೇ.

ಅತ್ತೆಯದು ಒಂದು ಕಟ್ಟಳೆ ಇತ್ತು. ಅತಿ ಚೆನ್ನಾಗಿ ಬಂದ ಐದು ಕೋಳಿಜುಟ್ಟನ್ನು ಆರಿಸಿ ಅವುಗಳ ಕುತ್ತಿಗೆಗೆ ಬಿಳಿ ದಾರ ಕಟ್ಟುತ್ತಿದ್ದಳು. ಅವು ಬೀಜಕ್ಕೆ. ಉಳಿದ ಹೂವನ್ನು ಹಬ್ಬಕ್ಕೆ ಯಾರು ಬೇಕಾದರೂ ಕುಯ್ಯಬಹುದು. ದಾರದವು ಗಿಡದಲ್ಲೇ ಬಲಿತು ಒಣಗಬೇಕು. ಹಳೇ ಬೀಜ ಉಳಿಸಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ, ಇದ್ದಷ್ಟನ್ನೂ ಬಿತ್ತಿಬಿಡುತ್ತಿದ್ದಳು. ಬೀಜ ಕೂಡಿಟ್ಟರೆ ಜೀವ ಹೋಗುತ್ತದೆ ಎನ್ನುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದಾಗ ಟ್ರ್ಯಾಕ್ಟರ್ ಬಂತು. ನಮ್ಮ ಬೀದಿಗೆ ಅದೇ ಮೊದಲನೆಯದು. ಆಯುಧಪೂಜೆಯ ಬೆಳಿಗ್ಗೆ ಅತ್ತೆ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದಳು. ಅಪ್ಪ ನನ್ನ ಕೈಗೆ ಕುಡುಗೋಲು ಕೊಟ್ಟು, ಹೂವು ಕುಯ್ದು ತಾ, ಅಕ್ಕ ದಾರ ಕಟ್ಟಿರೋದನ್ನ ಮಾತ್ರ ಮುಟ್ಟಬೇಡ ಎಂದು ಹೇಳಿಯೇ ಕಳಿಸಿದ. ಎರಡು ಸಲ ಹೇಳಿದ. ಚೆಂಡು ಹೂವು ಕುಯ್ದೆ, ಕನಕಾಂಬರ ಬಿಡಿಸಿದೆ. ಉಳಿದ ಕೋಳಿಜುಟ್ಟನ್ನೆಲ್ಲ ಬೀದಿಯವರು ಹಬ್ಬಕ್ಕೆಂದು ಆಗಲೇ ಕುಯ್ದೊಯ್ದಿದ್ದರು. ಆದರೆ ಕಣ್ಣೆಲ್ಲ ಆ ಐದರ ಮೇಲೇ. ಅಂಗೈಗಿಂತ ಅಗಲದ ಹೂವು, ನನ್ನ ಎದೆಯೆತ್ತರದ ಗಿಡ. ಟ್ರ್ಯಾಕ್ಟರಿನ ಮೂತಿಗೆ ಬಾಳೆಕಂದಿನ ಜೊತೆ ಇವನ್ನು ಕಟ್ಟಿದರೆ ಬೀದಿಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡಬೇಕು, ಯಾರು ಸಿಂಗಾರ ಮಾಡಿದ್ದು ಎಂದು ಕೇಳಬೇಕು. ಅಷ್ಟೇ ನನ್ನ ಆಸೆ. ಬೀಜ ಇನ್ನೂ ಬಲಿತಿರದ ಐದನ್ನೂ ಬುಡಕ್ಕೇ ಕುಯ್ದೆ. ದಾರ ಕಾಣದಂತೆ ಮಾವಿನ ಸೊಪ್ಪು ಸುತ್ತಿ ನಾನೇ ಕಟ್ಟಿದೆ. ಪೂಜೆಯ ಗಡಿಬಿಡಿಯಲ್ಲಿ ಅಪ್ಪ ಗಮನಿಸಲಿಲ್ಲ. ಕುಂಬಳಕಾಯಿ ಒಡೆದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು ಸುತ್ತಿಸಿದ. ಜೀವನದಲ್ಲಿ ಅಷ್ಟು ಜಂಬ ನಾನು ಮತ್ತೆಂದೂ ಪಡಲಿಲ್ಲ.

ಮಧ್ಯಾಹ್ನ ಹಿತ್ತಿಲಿಗೆ ಹೋದ ಅತ್ತೆ ಸುಮಾರು ಹೊತ್ತು ಬರಲಿಲ್ಲ. ಆಮೇಲೆ ನೇರ ಟ್ರ್ಯಾಕ್ಟರಿನ ಹತ್ತಿರ ಹೋಗಿ, ಬಾಡುತ್ತಿದ್ದ ಸೊಪ್ಪನ್ನು ಸರಿಸಿ, ಐದೂ ದಾರವನ್ನು ಒಂದೊಂದಾಗಿ ಬಿಚ್ಚಿದಳು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ಕರೆದು ಮೆಲ್ಲಗೆ ಕೇಳಿದಳು.

"ಇದನ್ಯಾಕೆ ಕುಯ್ದೆ ಕಣಮ್ಮಿ? ನಿಂಗೆ ಗೊತ್ತಿರ್ಲಿಲ್ವಾ?"

"ಅಪ್ಪನೇ ಕುಯ್ಯಿ ಅಂದ್ರು" ಎಂದೆ.

ಹೊಡೆತ ಬೀಳುತ್ತದೆ ಎಂಬ ಭಯಕ್ಕೆ ಬಂದ ಮಾತು, ಅಷ್ಟೇ. ಅತ್ತೆ ನನ್ನನ್ನು ಒಂದು ದಿನವೂ ಹೊಡೆದವಳಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಈಗ ತರಗತಿಯಲ್ಲಿ ಮಕ್ಕಳಿಗೆ ಬರೆಸುತ್ತೇನೆ. ಬೋರ್ಡಿನ ಮೇಲೆ ಬರೆದು ಬರೆದು ಅಭ್ಯಾಸವಾಗಿದೆ. ಅತ್ತೆ ದಾರಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದಳು. ಅವತ್ತಿನಿಂದ ತಮ್ಮನ ಜೊತೆ ಮಾತು ಬಿಟ್ಟಳು.

ಒಂದೇ ಮನೆ, ಒಂದೇ ಒಲೆ. ಅಪ್ಪನಿಗೆ ಅರ್ಥವೇ ಆಗಲಿಲ್ಲ, ದಾರದ ಹೂವನ್ನು ಅಕ್ಕನೇ ಬೀಜಕ್ಕೆಂದು ಕುಯ್ದಿಟ್ಟಿದ್ದಾಳೆ ಎಂದುಕೊಂಡಿದ್ದ. ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತಿದ. ಏನಾಯ್ತು ಎಂದು ಕೇಳಿದರೆ ಅತ್ತೆ ಪಾತ್ರೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಹೆತ್ತವ್ವನ ಬೀಜವನ್ನು ಒಂದು ಟ್ರ್ಯಾಕ್ಟರಿಗೆ ಕಟ್ಟಿದವನಿಗೆ ಬಾಯಿಬಿಟ್ಟು ಬೇರೆ ಹೇಳಬೇಕೆ ಎಂಬ ಹಟ ಅವಳದು. ಮುಂದಿನ ಆಷಾಢದಲ್ಲಿ ನೆಂಟರ ಮನೆಗಳಿಗೆಲ್ಲ ಅಲೆದು ಕೋಳಿಜುಟ್ಟಿನ ಬೀಜ ತಂದಳು. ಬಂದ ಹೂವು ಎಲ್ಲ ಕಡೆ ಸಿಗುವ ತಿಳಿಗೆಂಪು. ಕಿತ್ತು ದನಕ್ಕೆ ಹಾಕಿದಳು. ಅವಳನ್ನು ಒಲಿಸಲು ಅಪ್ಪ, ಹೂವಿನಿಂದ ಬಣ್ಣ ತೆಗೆಯುವ ಕಂಪನಿಯವರು ರೈತರ ಹೊಲಕ್ಕೆ ಕೊಡುವ ಚೆಂಡು ಹೂವಿನ ಸಸಿ ತಂದು ಹಿತ್ತಿಲ ತುಂಬ ತಾನೇ ನೆಟ್ಟ. ಈಗ ಬಂಡೀಪುರಕ್ಕೆ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಅದೇ ಒಂದೇ ಸಮನೆಯ ಕೇಸರಿ. ಅತ್ತೆ ಅದಕ್ಕೆ ಬೆನ್ನು ಹಾಕಿ ಕೂತು ಅಕ್ಕಿ ಆರಿಸುತ್ತಿದ್ದಳು. "ನಿಮ್ಮಪ್ಪನ್ಗೆ ಹೇಳು, ಊಟ ಆರೋಯ್ತದೆ" ಎಂದು ನನ್ನ ಕೈಲಿ ಹೇಳಿ ಕಳಿಸುತ್ತಿದ್ದಳು. ಬರುಬರುತ್ತಾ ಅಪ್ಪನೂ ಉತ್ತರವನ್ನು ನನ್ನ ಕೈಲೇ ಕಳಿಸತೊಡಗಿದ. ಹತ್ತು ಹೆಜ್ಜೆ ದೂರದಲ್ಲಿದ್ದ ಇಬ್ಬರ ನಡುವೆ ನಾನು ಮಾತು ಹೊತ್ತು ಓಡಾಡಿದೆ, ಹೇಳಬೇಕಾದ ಒಂದು ಮಾತನ್ನು ಬಿಟ್ಟು. ವರ್ಷ ಕಳೆದಷ್ಟೂ ಅದು ಭಾರವಾಯಿತು. ಓದಲು ಹಾಸ್ಟೆಲಿಗೆ ಹೊರಟ ದಿನ ಹೇಳೇಬಿಡೋಣ ಎಂದು ಅತ್ತೆಯ ಮುಂದೆ ನಿಂತೆ. ಅವಳು ನನ್ನ ತಲೆ ಸವರಿ, ನಮ್ಮನೇಲಿ ನೀನೊಬ್ಳೇ ನನ್ನೋಳು ಎಂದಳು. ಹೇಳಲಿಲ್ಲ.

ಅತ್ತೆ ಹಾಗೇ ಸತ್ತಳು. ಮಣ್ಣು ಹಾಕುವಾಗ ಅಪ್ಪ ಮಗುವಿನ ಹಾಗೆ ಅತ್ತ. ಮನೆಯೂ ಹೋಯಿತು, ರಸ್ತೆಗೆ ಹತ್ತಿರದ ಜಾಗವೆಂದು ಕೊಂಡವರು ಅಲ್ಲಿ ಹೋಟೆಲು ಕಟ್ಟಿದ್ದಾರೆ, ಹಿತ್ತಿಲಿದ್ದ ಕಡೆ ಕಾರುಗಳು ನಿಲ್ಲುತ್ತವೆ. ಎರಡು ವರ್ಷದ ಕೆಳಗೆ ಅಪ್ಪ ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದ.

"ಅಕ್ಕ ನನ್ನ ಮೇಲೆ ಯಾಕೆ ಮುನಿಸ್ಕೊಂಡ್ಲು ಅಂತ ನಿಂಗೇನಾದ್ರೂ ಗೊತ್ತಾ ಮಗ? ನಿನ್ ಕೈಲಿ ಎಲ್ಲಾ ಹೇಳೋಳಲ್ವಾ."

"ಗೊತ್ತಿಲ್ಲಪ್ಪ" ಎಂದೆ. ಐವತ್ತು ದಾಟಿದ ಮೇಷ್ಟ್ರಮ್ಮ ನಾನು. ಹೊಡೆಯುವವರು ಯಾರೂ ಇರಲಿಲ್ಲ.

ಅಪ್ಪ ಕಿಟಕಿಯ ಕಡೆ ತಿರುಗಿದ. "ನಾನೇ ಏನೋ ಮಾಡ್ಬುಟ್ಟಿರ್ಬೇಕು ಕಣವ್ವ. ಇಲ್ದಿದ್ರೆ ಅಕ್ಕ ಅಂಗೆ ಇರೋಳಲ್ಲ" ಎಂದ. ಸೂಜಿ ಚುಚ್ಚಿದ್ದ ಕೈಯನ್ನು ಕಷ್ಟಪಟ್ಟು ಎತ್ತಿ, ಇನ್ನೊಂದು ಕೈಗೆ ಜೋಡಿಸಿ, "ತಪ್ಪಾಯ್ತು ಅಕ್ಕ" ಎಂದ. ನಾನು ಕಿತ್ತಳೆ ಸುಲಿಯುತ್ತಾ ಕೂತಿದ್ದೆ. ನಾಲ್ಕನೇ ದಿನ, ನಮ್ಮ ಹೊಲದ ಮೂಲೆಯಲ್ಲಿ, ಅತ್ತೆಯ ಪಕ್ಕದಲ್ಲೇ ಅವನನ್ನೂ ಮಣ್ಣು ಮಾಡಿದೆವು.