ಪೆರಿನಾಳ ಪಾಲಿನ ಕಾಂಕ್ರೀಟು

ಡಾಲ್ಮೇಷಿಯಾ ಕರಾವಳಿಯ ಆ ಸಣ್ಣ ಬಂದರಿನಲ್ಲಿ ಕಾಂಕ್ರೀಟು ಪರೀಕ್ಷಿಸುವ ಪೆರಿನಾಳ ಸಹಿಯಿಲ್ಲದೆ ಒಂದು ಮೆಟ್ಟಿಲೂ ಸಮುದ್ರಕ್ಕಿಳಿಯುವಂತಿಲ್ಲ. ಕಾಂಕ್ರೀಟು ಸುರಿಯುವ ದಿನ ಅವಳು ಕಬ್ಬಿಣದ ಚೌಕ ಅಚ್ಚುಗಳನ್ನು ಹೊತ್ತು ಹೋಗಿ ಅದೇ ಕಾಂಕ್ರೀಟನ್ನು ತುಂಬಿಸಿಕೊಂಡು ಬರಬೇಕು. ಅಚ್ಚಿನಲ್ಲಿ ಗಟ್ಟಿಯಾದ ಆ ಕ್ಯೂಬುಗಳನ್ನು ನಾಲ್ಕು ವಾರ ನೀರಿನಲ್ಲಿಟ್ಟು, ಆಮೇಲೆ ಯಂತ್ರದಡಿ ಒತ್ತಿ ಒಡೆಯಬೇಕು. ಕ್ಯೂಬು ಭಾರ ತಾಳಿದರೆ ಹಡಗು ನಿಲ್ಲುವ ಧಕ್ಕೆಯೂ ಪಾಸು. ಮದುವೆಯಾಗಿ ಈ ಊರಿಗೆ ಬಂದವಳು ತಲೆ ನರೆಯುವವರೆಗೂ ಒಡೆದದ್ದೇ ಬಂತು. ಒಡೆಯುವುದಕ್ಕೂ ಸಂಬಳ ಕೊಡುವ ಕೆಲಸ ಲೋಕದಲ್ಲಿ ಇದೊಂದೇ ಇರಬೇಕು.

ಹೊಸ ಧಕ್ಕೆಯೂ ಪಾಸಾಗಿತ್ತು. ಬೇಸಿಗೆಗೆ ದೊಡ್ಡ ಫೆರಿ ಅಲ್ಲೇ ನಿಲ್ಲಬೇಕು, ಬಸ್ಸು ಲಾರಿಗಳು ಅದರ ಮೇಲೇ ಇಳಿಯಬೇಕು. ಚಳಿಗಾಲದ ತೆಂಕಣ ಗಾಳಿ ಬಡಿದು ಹೋದ ಮೇಲೆ ನೋಡಿದರೆ ಧಕ್ಕೆಯ ಮೂಲೆ ಉದುರಿತ್ತು. ಪೆರಿನಾ ಉಗುರಿನಿಂದ ಕೆರೆದಳು. ಒಣಗಿದ ಬ್ರೆಡ್ಡಿನಂತೆ ಪುಡಿಪುಡಿಯಾಗಿ ಕೈಗೆ ಬಂತು. ಆ ಮೂಲೆಗೆ ಕಾಂಕ್ರೀಟು ಸುರಿದ ದಿನ ತಂದ ಕ್ಯೂಬುಗಳನ್ನು ಒಡೆಯುವಾಗ ಯಂತ್ರವೇ ಏದುಸಿರು ಬಿಟ್ಟಿತ್ತು.

ಇದು ಹೇಗೆ? ಅವಳಿಗೆ ತಲೆಬುಡ ತಿಳಿಯಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಸ್ಪ್ಲಿಟ್ ಪಟ್ಟಣದಿಂದ ರಿಪೇರಿಯವನನ್ನು ಕರೆಸಿದಳು. ಅವನು ಕಾಫಿ ಕುಡಿದು, ಯಂತ್ರ ಸರಿಯಾಗಿಯೇ ಇದೆ ಎಂದು ಹೋದ. ಉಪ್ಪಿನ ಕಾಟವಿರಬೇಕೆಂದು ಉಳಿದಿದ್ದ ಕ್ಯೂಬೊಂದನ್ನು ಸಮುದ್ರದ ನೀರಿನಲ್ಲೇ ಇಟ್ಟಳು. ಅದು ಜಪ್ಪಯ್ಯ ಅನ್ನಲಿಲ್ಲ. ಊಟಕ್ಕೆ ಕೂತಾಗ ಗಂಡ ವಿಂಕೊ, "ಧಕ್ಕೆ ಸುಳ್ಳು ಹೇಳ್ತಿದೆಯೋ, ನೀನು ಹೇಳ್ತಿದೀಯೋ ನೋಡ್ಕೋ ಮಾರಾಯ್ತಿ" ಎಂದ. ಅವಳಿಗೆ ಕೋಪ ಬಂತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು, ಏಕೆಂದರೆ ಅವಳಿಗೂ ಅದೇ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಕಾಂಕ್ರೀಟು ಹಾಕಿಸುವ ಯೆರ್ಕೊ ಮೇಸ್ತ್ರಿಯ ಹತ್ತಿರ ಹೋದಳು. ಮಧ್ಯಾಹ್ನದ ಬಿಡುವಿನಲ್ಲಿ ಆಳುಗಳು ಬೂತಾಯಿ ಮೀನು ಸುಡುತ್ತಿದ್ದರು.

"ಮೇಸ್ತ್ರಿ, ನನ್ನ ಕ್ಯೂಬು ಕಲ್ಲು, ನಿಮ್ಮ ಧಕ್ಕೆ ಹಿಟ್ಟು. ಯಾಕೆ?"

"ಅಷ್ಟೂ ಗೊತ್ತಿಲ್ವಾ ತಂಗಿ?" ಯೆರ್ಕೊ ನಕ್ಕ. "ನಿನ್ನ ಪಾಲಿಗೆ ನಾವು ನೀರು ಬೆರೆಸಲ್ಲ."

"ಅಂದ್ರೆ?"

"ದಪ್ಪ ಕಲಸಿದ್ರೆ ಹರಡೋಷ್ಟರಲ್ಲಿ ಸೊಂಟ ಬಿದ್ದೋಗುತ್ತೆ. ಅದಕ್ಕೇ ನೀರಿನ ಪೈಪ್ ಬಿಡ್ತೀವಿ. ನೀನು ಅಚ್ಚು ಹೊತ್ಕೊಂಡು ಬರೋದು ಕಂಡ್ರೆ ಪೈಪ್ ಬಂದ್. ಮನೆಗೆ ಬಂದೋರಿಗೆ ನೀರು ಹಾಕಿದ ವೈನ್ ಕೊಡ್ತಾರಾ ಯಾರಾದ್ರೂ?"

"ಯಾವಾಗಿಂದ ಇದು?"

"ನಿನ್ನ ಮೊದಲನೇ ಕ್ಯೂಬು ಫೇಲಾಯ್ತಲ್ಲ, ಅವತ್ತಿಂದ. ಇಂಜಿನಿಯರು ಎಲ್ಲರೆದುರು ನಿನ್ನನ್ನ ಬೈದ, ನೀನು ದೋಣಿ ಹಿಂದೆ ಕೂತು ಅತ್ಬಿಟ್ಟೆ. ಈ ಹುಡುಗಿ ಇನ್ಮೇಲೆ ನಮ್ಮಿಂದ ಅಳಬಾರದು ಅಂತ ಎಲ್ಲರೂ ಸೇರಿ ಮಾತಾಡ್ಕೊಂಡ್ವಿ."

ಪೆರಿನಾಗೆ ಅವನ ಮುಖಕ್ಕೆ ಉಗಿಯಬೇಕೋ, ಕೈ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ಅವನೋ, ಸುಟ್ಟ ಮೀನೊಂದನ್ನು ಅವಳತ್ತ ಚಾಚಿ ಹಿಡಿದಿದ್ದ.

"ಫೆರಿ ಇಲ್ಲಿ ನಿಲ್ಲೋ ಹಾಗಿಲ್ಲ ಅಂತ ಇವತ್ತೇ ಆಫೀಸಿಗೆ ಹೇಳ್ತೀನಿ" ಎಂದಳು.

ಯೆರ್ಕೊನ ನಗು ಮಾಸಿತು. "ನಮ್ಮ ಕೆಲಸ ಹೋಗುತ್ತೆ. ನಿಂದೂ."

"ಹೋಗ್ಲಿ."

ಬಾಯಿಂದ ಬಂದದ್ದೇನೋ ಬಂತು. ಆದರೆ ಆಫೀಸಿನ ಕಡೆ ತಿರುಗಿದವಳು ಬಂದರನ್ನೊಮ್ಮೆ ಸುತ್ತ ನೋಡಿದಳು. ಅಲೆತಡೆ ಗೋಡೆ, ಮೀನು ಇಳಿಸುವ ಕಟ್ಟೆ, ಮಕ್ಕಳು ನೀರಿಗೆ ಹಾರುವ ಮೆಟ್ಟಿಲು, ಕಣ್ಣಿಗೆ ಕಂಡ ಎಲ್ಲದಕ್ಕೂ ಸಹಿ ಹಾಕಿದವಳು ಅವಳೇ.

"ಮೇಸ್ತ್ರಿ, ಹಳೇವೆಲ್ಲ ಗಟ್ಟಿ ಇವೆ ತಾನೇ?"

ಯೆರ್ಕೊ ಅಲೆತಡೆ ಗೋಡೆಯತ್ತ ಕಣ್ಣು ಕಿರಿದು ಮಾಡಿ ನೋಡಿದ.

"ನಮಗೇನು ಗೊತ್ತು ತಂಗಿ? ಪರೀಕ್ಷೆ ಮಾಡಿದೋಳು ನೀನಲ್ವಾ" ಎಂದ.