ರಾಕೆಟ್ಟು ಹಾರಿದ ಸಂಜೆಯ ಮೆಣಸಿನ ಘಾಟು

ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಸೀದ ಘಾಟಿಗೆ ಇವತ್ತು ನಾನು ಓಡಿಹೋಗಿ ಬಾಗಿಲ ಚಿಲಕ ಹಾಕಿದೆ.

ಚಿಕ್ಕಂದಿನಲ್ಲಿ, ಕಾಡಂಚಿನ ಪುಣಜನೂರಿನಲ್ಲಿ, ಆ ಘಾಟೆಂದರೆ ಜೋಳದ ಹೊಲಕ್ಕೆ ಆನೆ ಇಳಿದಿದೆಯೆಂದೇ ಅರ್ಥ. ಅಜ್ಜಿ ಬೆರಣಿ ಕೆಂಡಕ್ಕೆ ಮೆಣಸಿನಕಾಯಿ ಸುರಿದು ಹೊಗೆ ಹಾಕುತ್ತಿದ್ದಳು. ನಾನು ಆನೆ ಅಂದರೆ ಬಾಯಿ ಮುಚ್ಚುತ್ತಿದ್ದಳು: “ದೊಡ್ಡೋರು ಅನ್ನು ಕಣಮ್ಮಿ, ಹೆಸ್ರೇಳುದ್ರೆ ಬಂದ್ಬುಡ್ತರೆ.”

ಒಂದು ಸಂಜೆ ರೇಡಿಯೋದಲ್ಲಿ ರಾಕೆಟ್ ಹಾರಿದ ಸುದ್ದಿ ಕೇಳಿ ಅಪ್ಪ ಹಿಗ್ಗಿದರು. ಅಜ್ಜಿ ಹೊಗೆಯೊಳಗಿಂದಲೇ ರೇಗಿದಳು: “ಆಕಾಸುಕ್ಕೆ ಸುರಿಯಕ್ಕೆ ಸರ್ಕಾರುಕ್ಕೆ ದುಡ್ಡದೆ, ದೊಡ್ಡೋರು ದಾಟದಂಗೆ ಒಂದು ಕಂದಕ ತೋಡ್ಸಕ್ಕಿಲ್ವಾ?”

ಅಷ್ಟರಲ್ಲಿ ಹೊಗೆಯಾಚೆ ಬೇಲಿ ಲಟಲಟನೆ ಮುರಿಯಿತು. ನಾನು ಅವಳ ಸೆರಗು ಕಚ್ಚಿಕೊಂಡೆ.

ಈಗ ಅರಣ್ಯದವರು ಆನೆಗೆ ತೊಡಿಸಿದ ರೇಡಿಯೋ ಕೊರಳಪಟ್ಟಿಯ ಸುಳಿವನ್ನು ಉಪಗ್ರಹ ಹಿಡಿದು ಊರಿನ ಫೋನುಗಳಿಗೆ ಮುಟ್ಟಿಸುತ್ತದೆ. ಅಲ್ಲೇ ಇರುವ ತಮ್ಮನಿಗೆ ಫೋನ್ ಮಾಡಿದೆ.

“ಮೆಸೇಜ್ ಬಂತು ಕಣಕ್ಕ, ದೊಡ್ಡೋರು ಹಿತ್ಲಲ್ಲೇ ಅವ್ರಂತೆ,” ಎಂದು ಪಿಸುಗುಟ್ಟಿದ.

“ಕಂದಕ?” ಎಂದೆ.

ಕೆಂಡಕ್ಕೆ ಮೆಣಸಿನಕಾಯಿ ಸುರಿದ ಚಟಪಟ, ಆ ಘಾಟಿಗೆ ಅವನು ಕೆಮ್ಮುವ ಸದ್ದು.